ಮನೆ ಕಟ್ಟಿ ದೂರಕ್ಕೆ ಬಿಡಿ: ರೇಸ್ ಪಾರಿವಾಳ ಸಾಕುವವರಿಗೆ ಮೊದಲ ಪಾಠ

ಕಳೆದ ಸಂಕ್ರಾಂತಿಗೆ ವಾರವಿದ್ದಾಗ ನಮ್ಮ ಬೀದಿಯ ಹುಡುಗನೊಬ್ಬ ಬೆಳಿಗ್ಗೆ ಆರೂವರೆಗೇ ಬಂದು ಬಾಗಿಲು ತಟ್ಟಿದ. "ಮೇಷ್ಟ್ರೇ, ಮೂರು ಸಾವಿರ ಕೊಟ್ಟು ಒಂದು ಜೊತೆ ಹೋಮರ್ ತಂದಿದ್ದೆ. ಹದಿನೈದು ದಿನ ಗೂಡಲ್ಲೇ ಇಟ್ಟು ಚೆನ್ನಾಗಿ ಮೇಯಿಸಿದೆ. ನಿನ್ನೆ ಸಂಜೆ ಬಿಟ್ಟೆ. ಒಂದು ಸುತ್ತು ಹಾಕಿ ಹೊರಟೇಹೋದವು" ಅಂದ. ಕಣ್ಣು ತುಂಬಿ ಬಂದಿತ್ತು. ಎಲ್ಲಿಂದ ತಂದದ್ದಪ್ಪಾ ಎಂದು ಕೇಳಿದೆ. ಕೋಲಾರದ ಕಡೆಯ ಒಂದು ಹಳ್ಳಿಯಿಂದ ಅಂದ. "ಹಾಗಾದರೆ ಅವು ಕಳೆದುಹೋಗಿಲ್ಲ ಕಣೋ, ಮನೆಗೆ ಹೋಗಿವೆ" ಎಂದೆ.

ಹೊಸಬರಿಗೆ ನಾನು ಮೊದಲು ಹೇಳುವ ಮಾತೇ ಇದು. ಹೋಮರ್ ಪಾರಿವಾಳ ತಾನು ಮೊದಲು ಹಾರಲು ಕಲಿತ ತಾರಸಿಯನ್ನು ತನ್ನ ಮನೆ ಎಂದುಕೊಳ್ಳುತ್ತದೆ. ಆಮೇಲೆ ಅದನ್ನು ಯಾರು ಕೊಂಡರೂ, ಎಂಥ ಕಾಳು ಹಾಕಿದರೂ, ಎಷ್ಟು ತಿಂಗಳು ಬಲೆಯೊಳಗೆ ಇಟ್ಟರೂ, ಬಾಗಿಲು ತೆರೆದ ದಿನ ಅದು ಸಾಮಾನ್ಯವಾಗಿ ಆ ಹಳೆಯ ತಾರಸಿಯ ಕಡೆಗೇ ತಿರುಗುತ್ತದೆ. ಈ ಗುಣಕ್ಕಾಗಿಯೇ ತಾನೇ ನಾವು ಅದನ್ನು ಸಾಕುವುದು? ಐನೂರು, ಸಾವಿರ ಕಿಲೋಮೀಟರ್ ದೂರದಿಂದ ಹಕ್ಕಿಯನ್ನು ಕರೆಸಿಕೊಳ್ಳುವ ವಿದ್ಯೆಯಲ್ಲಿ ರೆಕ್ಕೆಯ ಬಲ ಅರ್ಧ ಪಾಲು. ಮಿಕ್ಕ ಅರ್ಧ, ಹಕ್ಕಿಗೆ ಮನೆಯ ಮೇಲಿರುವ ಆಸೆ. ರೆಕ್ಕೆಯ ಬಲ ತಾಯಿತಂದೆಯಿಂದ ಬರುತ್ತದೆ. ಆ ಆಸೆಯನ್ನು ಬೆಳೆಸುವವರು, ಇಲ್ಲವೇ ಕೆಡಿಸುವವರು ನಾವು. ಮೂವತ್ತು ವರ್ಷದಿಂದ ತಾರಸಿ ಹತ್ತಿ ಇಳಿಯುತ್ತಿರುವ ನನಗೆ ತಿಳಿದಿರುವ ಮುಖ್ಯ ವಿಷಯ ಇದೊಂದೇ. ಮುಂದೆ ಹೇಳುವುದೆಲ್ಲ ಇದರದೇ ವಿವರ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪಾರಿವಾಳ ಹಾರಿಸುವವರು ಬಹಳ ಮಂದಿ ಇದ್ದಾರೆ, ಆದರೆ ಎಲ್ಲರ ಹಕ್ಕಿಯೂ ಒಂದೇ ಜಾತಿಯದಲ್ಲ. ಹೈ ಫ್ಲೈಯರ್ ಹಕ್ಕಿಗಳು ಮನೆಯ ನೆತ್ತಿಯ ಮೇಲೆಯೇ ಚುಕ್ಕಿಯಾಗುವಷ್ಟು ಎತ್ತರಕ್ಕೆ ಏರಿ ಗಂಟೆಗಟ್ಟಲೆ ನಿಲ್ಲುತ್ತವೆ. ಅಲ್ಲಿ ಎಣಿಸುವುದು ಹೊತ್ತನ್ನು. ಹೋಮರ್ ವಿಷಯದಲ್ಲಿ ಎಣಿಸುವುದು ದೂರವನ್ನೂ ಅದನ್ನು ದಾಟಿದ ವೇಗವನ್ನೂ. ಬಂಡೆಗಳಲ್ಲಿ ಗೂಡು ಕಟ್ಟುವ ಕಾಡುಪಾರಿವಾಳವೇ ಇವೆರಡಕ್ಕೂ ಮೂಲ. ಇಂದಿನ ರೇಸಿಂಗ್ ಹೋಮರ್ ರೂಪುಗೊಂಡದ್ದು 19ನೇ ಶತಮಾನದ ಬೆಲ್ಜಿಯಂನಲ್ಲಿ, ಹಲವು ತಳಿಗಳ ಬೆರಕೆಯಿಂದ. 1850ರಲ್ಲಿ ರಾಯಿಟರ್ ಎಂಬ ಸುದ್ದಿ ವ್ಯಾಪಾರಿ, ಜರ್ಮನಿಯ ಆಖೆನ್‌ಗೂ ಬ್ರಸೆಲ್ಸ್‌ಗೂ ನಡುವೆ ತಂತಿ ಇಲ್ಲದಿದ್ದ ಜಾಗವನ್ನು ಪಾರಿವಾಳಗಳಿಂದ ತುಂಬಿಸಿ ಷೇರುಪೇಟೆಯ ಬೆಲೆಗಳನ್ನು ರೈಲಿಗಿಂತ ಮುಂಚೆ ತಲುಪಿಸಿದ. ನಮ್ಮ ದೇಶದಲ್ಲೂ ಈ ಹಕ್ಕಿ ಸರ್ಕಾರಿ ನೌಕರಿ ಮಾಡಿದೆ. 1946ರಲ್ಲಿ ಶುರುವಾದ ಒಡಿಶಾ ಪೊಲೀಸರ ಪಾರಿವಾಳ ಅಂಚೆ ಬೆಲ್ಜಿಯನ್ ಹೋಮರ್‌ಗಳನ್ನೇ ಇಟ್ಟುಕೊಂಡು ದಶಕಗಟ್ಟಲೆ ನಡೆಯಿತು. ನೆರೆ ಬಂದು ರಸ್ತೆ, ತಂತಿ ಎಲ್ಲ ಕಡಿದುಹೋದ ದಿನಗಳಲ್ಲಿ ಠಾಣೆಗಳ ನಡುವೆ ಕಾಗದ ಒಯ್ದದ್ದು ಇವೇ. ಯೂರೋಪಿನಲ್ಲಿ ಇಂದಿಗೂ ಪ್ರತಿ ಬೇಸಿಗೆಯಲ್ಲಿ ಸಾವಿರಾರು ಹಕ್ಕಿಗಳನ್ನು ಸ್ಪೇನಿನ ಬಾರ್ಸಿಲೋನಾದಿಂದ ಒಟ್ಟಿಗೆ ಬಿಡುತ್ತಾರೆ. ಬೆಲ್ಜಿಯಂ, ನೆದರ್ಲೆಂಡ್ಸ್‌ನ ಗೂಡುಗಳಿಗೆ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಮೇಲೆ. ದೂರದ ಓಟ ಎಂದರೆ ಏನೆಂದು ತಿಳಿಯಬೇಕಾದವರು ನೋಡಬೇಕಾದದ್ದು ಆ ಓಟವನ್ನು.

ಇಷ್ಟು ದೂರದಿಂದ ದಾರಿ ಹೇಗೆ ಗೊತ್ತಾಗುತ್ತದೆ? ಮಕ್ಕಳು ಕೇಳುವ ಈ ಪ್ರಶ್ನೆಯನ್ನು ವಿಜ್ಞಾನಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ದಿಕ್ಕು ತಿಳಿಯಲು ಹಕ್ಕಿ ಸೂರ್ಯನನ್ನು ನೋಡುತ್ತದೆ, ಹೊತ್ತಿಗೆ ತಕ್ಕಂತೆ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಕೆಲವು ದಿನ ಕೃತಕ ದೀಪದಲ್ಲಿಟ್ಟು ಅದರ ಹಗಲುರಾತ್ರಿಯನ್ನು ಆರು ಗಂಟೆ ಹಿಂದುಮುಂದು ಮಾಡಿದರೆ, ಬಿಟ್ಟಾಗ ಹೆಚ್ಚುಕಡಿಮೆ ಕಾಲು ಸುತ್ತಿನಷ್ಟು ತಪ್ಪು ದಿಕ್ಕಿಗೆ ಹೊರಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಕೀಟನ್ 1971ರಲ್ಲಿ ಹಕ್ಕಿಗಳ ಮೈಗೆ ಪುಟ್ಟ ಅಯಸ್ಕಾಂತ ಅಂಟಿಸಿ ನೋಡಿದರು. ಮೋಡ ಮುಚ್ಚಿದ ದಿನ ಅವು ದಿಕ್ಕು ತಪ್ಪಿದವು. ಅಂದರೆ ಸೂರ್ಯ ಕಾಣದಾಗ ಭೂಮಿಯ ಕಾಂತಶಕ್ತಿ ನೆರವಿಗೆ ಬರುತ್ತದೆ. ಇಟಲಿಯ ಪೀಸಾದಲ್ಲಿ ಫ್ಲೋರಿಯಾನೊ ಪಾಪಿ ಮತ್ತು ಸಂಗಡಿಗರು ವಾಸನೆಯ ಪಾತ್ರವನ್ನು ತೋರಿಸಿದರು. ಗಾಳಿ ಯಾವ ದಿಕ್ಕಿನಿಂದ ಬೀಸಿದಾಗ ಯಾವ ವಾಸನೆ ಎಂಬುದನ್ನು ಮರಿ ಗೂಡಿನಲ್ಲಿ ಕೂತೇ ಕಲಿಯುತ್ತದೆ. ಗಾಳಿಯಾಡದಂತೆ ಮುಚ್ಚಿ ಬೆಳೆಸಿದ ಮರಿಗಳು ದೊಡ್ಡವಾದ ಮೇಲೆ ಹೊಸ ಜಾಗದಿಂದ ಮನೆಯ ದಿಕ್ಕು ಹಿಡಿಯಲಾರವು. ಗೂಡಿನ ಹತ್ತಿರ ಬಂದಾಗ ಪಾರಿವಾಳಗಳು ಕಣ್ಣಿಗೆ ಕಾಣುವ ಗುರುತುಗಳನ್ನೂ ನಂಬುತ್ತವೆ. ಆಕ್ಸ್‌ಫರ್ಡಿನ ಸಂಶೋಧಕರು ಹಕ್ಕಿಯ ಬೆನ್ನಿಗೆ ಜಿಪಿಎಸ್ ಕಟ್ಟಿ ನೋಡಿದಾಗ, ಗೊತ್ತಿರುವ ಸೀಮೆಯಲ್ಲಿ ಅವು ಹೆದ್ದಾರಿಗಳನ್ನೇ ಹಿಡಿದು ಬರುವುದೂ ಕಂಡಿತು.

ಈ ಪಾಠ ಗೂಡು ಕಟ್ಟುವಾಗ ಕೈಗೆ ಬರುತ್ತದೆ. ಮರಿ ಬೆಳೆಯುವ ಗೂಡಿಗೆ ಗಾಳಿ ನಾಲ್ಕೂ ಕಡೆಯಿಂದ ಸುಳಿಯಬೇಕು, ಬಿಸಿಲು ಬೀಳಬೇಕು, ಆಕಾಶ ಕಾಣಬೇಕು. ಗೂಡಿಗೆ ಅಂಟಿಕೊಂಡಂತೆ ಮುಂದಕ್ಕೆ ಚಾಚಿದ ಒಂದು ಬಲೆಯ ಪಡಸಾಲೆ ಇರಲಿ. ದುಡ್ಡು ಕಡಿಮೆ ಇದ್ದರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಗೂಡಿನ ಮಿಕ್ಕ ವಿಷಯ ಸರಳ. ಆರಡಿ ಅಗಲ ಎಂಟಡಿ ಉದ್ದದ ಗೂಡಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಹಕ್ಕಿ ಇಡಬೇಡಿ. ನೆಲದಿಂದ ಎರಡಡಿ ಎತ್ತರಿಸಿ, ಕೆಳಗೆ ಗಾಳಿ ಓಡಾಡಲಿ. ಇಲಿ ನುಗ್ಗದಷ್ಟು ಸಣ್ಣ ಕಣ್ಣಿನ ಜಾಲರಿ ಹಾಕಿ. ಮುಖ ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲು ಒಳಗೆ ಬೀಳುತ್ತದೆ, ಮುಂಗಾರಿನ ಇರಚಲು ಬೆನ್ನಿಗೆ ಹೊಡೆಯುತ್ತದೆ. ಬರೀ ತಗಡಿನ ಮಾಡು ಏಪ್ರಿಲ್‌ನಲ್ಲಿ ಒಲೆಯಾಗುತ್ತದೆ, ಹೆಂಚು ಮೇಲು. ಎಲ್ಲಕ್ಕಿಂತ ಮುಖ್ಯವಾದದ್ದು ಒಣಗಿರುವುದು. ಒದ್ದೆಯ ಗೂಡಿನಲ್ಲಿ ಯಾವ ಔಷಧಿಯೂ ಕೆಲಸ ಮಾಡದು. ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆದು ಮೂಗು ಹಾಕಿ ನೋಡಿ: ಘಾಟು ಹೊಡೆದರೆ ಗಾಳಿ ಸಾಲದು ಎಂದರ್ಥ. ಗುಡಿಸುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿ. ಹಿಕ್ಕೆಯ ಮತ್ತು ಗರಿಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ. ಹೊರಗಿನಿಂದ ಬಂದ ಹಕ್ಕಿ ತಳ್ಳಿಕೊಂಡು ಒಳಗೆ ಬರಲು ಬಿಡುವ, ಹೊರಗೆ ಹೋಗಲು ಬಿಡದ ತೂಗುಕಡ್ಡಿಗಳ ಕಿಂಡಿಯೊಂದು ಬೇಕು. ಅದನ್ನು ಟ್ರ್ಯಾಪ್ ಅನ್ನುತ್ತೇವೆ.

ಈಗ ಹಕ್ಕಿಯ ಮಾತು. ಆ ಹುಡುಗನ ಹಾಗೆ ಬೆಳೆದ ಹಕ್ಕಿ ತಂದು ಹಾರಿಸಲಾಗದು ಎಂದ ಮೇಲೆ ಎರಡೇ ದಾರಿ. ಒಂದು, ಇಪ್ಪತ್ತೆಂಟು ಮೂವತ್ತು ದಿನದ, ಇನ್ನೂ ಕೀಚಲು ದನಿಯ, ಹೊರಗೆ ಹಾರದ ಮರಿಗಳನ್ನು ತರುವುದು. ಇನ್ನೊಂದು, ಬೆಳೆದ ಜೋಡಿಗಳನ್ನು ತಂದು ಅವನ್ನು ಬಿಡದೆ ಬಲೆಯೊಳಗೇ ಇಟ್ಟುಕೊಂಡು ಅವುಗಳ ಮರಿಗಳನ್ನು ಹಾರಿಸುವುದು. ಮೊದಲ ವರ್ಷ ಮರಿ ತನ್ನಿ, ಎರಡನೆಯ ವರ್ಷ ಮೂರೋ ನಾಲ್ಕೋ ಜೋಡಿ ತನ್ನಿ ಎಂಬುದು ನನ್ನ ಸಲಹೆ. ಹತ್ತು ಕಡೆಯಿಂದ ಒಂದೊಂದು ತರುವುದಕ್ಕಿಂತ, ದೂರದ ಓಟದಲ್ಲಿ ಮೂರು ನಾಲ್ಕು ವರ್ಷ ಬಿಡದೆ ಹಕ್ಕಿ ತರಿಸಿಕೊಂಡಿರುವ ಒಂದೇ ಗೂಡಿನಿಂದ ತರುವುದು ಒಳ್ಳೆಯದು. 2020ರಲ್ಲಿ ನ್ಯೂ ಕಿಮ್ ಎಂಬ ಬೆಲ್ಜಿಯಂನ ಎರಡು ವರ್ಷದ ಹೆಣ್ಣು ಪಾರಿವಾಳ 16 ಲಕ್ಷ ಯೂರೊಗೆ ಹರಾಜಾದಾಗ ಪತ್ರಿಕೆಗಳಲ್ಲೆಲ್ಲ ಅದರದೇ ಸುದ್ದಿ. ಅಂಥ ಬೆಲೆಯ ಸುದ್ದಿ ಕೇಳಿ ಹೊಸಬರು ಎದೆಗುಂದುತ್ತಾರೆ. ಗೆದ್ದ ಹಕ್ಕಿಯನ್ನೇ ಕೊಳ್ಳಬೇಕಾಗಿಲ್ಲ. ಅದರ ಒಡಹುಟ್ಟಿದವು, ಅದರ ಮಕ್ಕಳು ಸಾಕು. ರಕ್ತ ಅದೇ.

ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡುವುದನ್ನು ನಿಧಾನವಾಗಿ ಕಲಿಯಬೇಕು. ಅಂಗೈ ಮೇಲೆ ಎದೆ, ಬೆರಳ ಸಂದಿನಲ್ಲಿ ಕಾಲು, ಹೆಬ್ಬೆರಳು ಬೆನ್ನ ಮೇಲೆ. ಒಳ್ಳೆಯ ದೂರದ ಹಕ್ಕಿ ನೋಟಕ್ಕೆ ದೊಡ್ಡದಲ್ಲ. ಕೈಗೆ ಬಂದರೆ ಗಟ್ಟಿ, ಆದರೂ ಹಗುರ. ಬೆನ್ನು ಬಿಗಿ, ಎದೆಮೂಳೆ ಹಿಂದಕ್ಕೆ ಹೋಗುತ್ತ ಹೊಟ್ಟೆಗೆ ಸೇರಿಕೊಂಡಂತಿರುತ್ತದೆ. ಗರಿ ಮುಟ್ಟಿದರೆ ರೇಷ್ಮೆಯಂತಿರಬೇಕು, ಏಕೆಂದರೆ ಮಳೆ ಬಂದರೆ ನೀರು ಜಾರಿಹೋಗಬೇಕು. ರೆಕ್ಕೆ ಬಿಚ್ಚಿ ನೋಡಿ, ಹತ್ತು ದೊಡ್ಡ ಗರಿಗಳಲ್ಲಿ ಕೊನೆಯ ನಾಲ್ಕು ಸಪೂರವಾಗಿ, ನಡುವೆ ಗಾಳಿ ಹೋಗಲು ಸಂದು ಬಿಟ್ಟುಕೊಂಡಿದ್ದರೆ ನನಗೆ ಸಂತೋಷ. ಇಷ್ಟೆಲ್ಲ ನೋಡಿದ ಮೇಲೂ ಹಕ್ಕಿ ಬರುತ್ತದೋ ಇಲ್ಲವೋ ಎಂಬುದು ಕೈಗೆ ಸಿಗುವುದಿಲ್ಲ. ಕಣ್ಣಿನ ಪಾಪೆಯ ಸುತ್ತಲಿನ ಬಳೆಗಳನ್ನು ಭೂತಗನ್ನಡಿಯಲ್ಲಿ ನೋಡಿ ಭವಿಷ್ಯ ಹೇಳುವವರಿದ್ದಾರೆ. ನಾನು ಅದನ್ನು ನಂಬಿ ಎರಡು ವರ್ಷ ಕಳೆದೆ, ಫಲ ಸಿಗಲಿಲ್ಲ. ಪ್ರಯಾಣದ ಬುಟ್ಟಿಗೆ ಹಾಕಿ ಕಳಿಸಿ ನೋಡುವುದೊಂದೇ ಪರೀಕ್ಷೆ.

ಬಣ್ಣಕ್ಕೂ ಓಟಕ್ಕೂ ಸಂಬಂಧವಿಲ್ಲ. ಆದರೆ ಬಣ್ಣದಲ್ಲಿ ಒಂದು ಸೊಗಸಾದ ಉಪಯೋಗವಿದೆ. ನೀಲಿ ಗಂಡಿಗೆ ಬೂದಿಗೆಂಪು ಹೆಣ್ಣನ್ನು ಜೋಡಿ ಮಾಡಿದರೆ ಹುಟ್ಟುವ ಗಂಡುಮರಿಗಳೆಲ್ಲ ಕೆಂಪು, ಹೆಣ್ಣುಮರಿಗಳೆಲ್ಲ ನೀಲಿ. ಹಕ್ಕಿಗಳಲ್ಲಿ ಹೆಣ್ಣಿಗೆ ಲಿಂಗದ ವರ್ಣತಂತು ಒಂದೊಂದು ಬಗೆಯದು, ಗಂಡಿಗೆ ಎರಡೂ ಒಂದೇ ಬಗೆಯದು, ಬಣ್ಣದ ಜೀನ್ ಅದರ ಮೇಲೆಯೇ ಕೂತಿರುವುದರಿಂದ ಹೀಗೆ. ಬೇರೆ ಜೋಡಿಗಳ ಮರಿಗಳಲ್ಲಿ ಗಂಡು ಹೆಣ್ಣು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕಾದಾಗ, ಈ ಜೋಡಿಯ ಮರಿ ಗರಿ ಮೂಡಿದ ಕೂಡಲೇ ಹೇಳಿಬಿಡುತ್ತದೆ. ನನ್ನ ಶಾಲೆಯ ಮಕ್ಕಳಿಗೆ ಮೆಂಡೆಲನ ಪಾಠವನ್ನು ಬಟಾಣಿಯ ಬದಲು ಇದರಿಂದಲೇ ಹೇಳುತ್ತಿದ್ದೆ.

ನಮ್ಮಲ್ಲಿ ರೇಸಿನ ಕಾಲ ಮಳೆಗಾಲ ಕಳೆದ ಮೇಲೆ, ಚಳಿಯ ತಿಂಗಳುಗಳಲ್ಲಿ. ಅದಕ್ಕೆ ತಕ್ಕಂತೆ ಹಿಂದಕ್ಕೆ ಎಣಿಸಿಕೊಳ್ಳಬೇಕು. ಮರಿ ತೆಗೆಯುವ ಜೋಡಿಗಳನ್ನು ನಾನು ಜನವರಿಯಲ್ಲಿ ಕೂಡಿಸುತ್ತೇನೆ. ಎಂಟು ಹತ್ತು ದಿನಕ್ಕೆ ಸಂಜೆಯ ಹೊತ್ತಿಗೆ ಮೊದಲ ಮೊಟ್ಟೆ, ಒಂದು ದಿನ ಬಿಟ್ಟು ಮಧ್ಯಾಹ್ನ ಎರಡನೆಯದು. ಹಗಲು ಹತ್ತರಿಂದ ನಾಲ್ಕರವರೆಗೆ ಗಂಡು ಕಾವು ಕೂರುತ್ತದೆ, ಮಿಕ್ಕ ಹೊತ್ತು ಮತ್ತು ಇಡೀ ರಾತ್ರಿ ಹೆಣ್ಣು. ಹದಿನೇಳು ಹದಿನೆಂಟು ದಿನಕ್ಕೆ ಮರಿ. ಮೊದಲ ವಾರ ಅದಕ್ಕೆ ಕಾಳಿಲ್ಲ. ತಾಯಿ ತಂದೆ ಇಬ್ಬರ ಕಾಳುಚೀಲದ ಒಳಪದರದಿಂದಲೂ ಮೊಸರಿನಂಥ ಪಾರಿವಾಳದ ಹಾಲು ಊರುತ್ತದೆ, ಅದನ್ನೇ ಕುಡಿದು ಎರಡೇ ದಿನದಲ್ಲಿ ಮರಿಯ ತೂಕ ಎರಡರಷ್ಟಾಗುತ್ತದೆ. ತಂದೆಗೂ ಹಾಲೂಡಿಸುವ ಭಾಗ್ಯವಿರುವ ಜೀವಿಗಳು ಈ ಲೋಕದಲ್ಲಿ ಎಷ್ಟಿವೆ! ಏಳನೆಯ ದಿನದ ಆಸುಪಾಸಿನಲ್ಲಿ ವರ್ಷ ಮತ್ತು ಸಂಖ್ಯೆ ಕೊರೆದ ರಿಂಗನ್ನು ಕಾಲಿಗೆ ತೊಡಿಸಬೇಕು. ಎರಡು ಮೂರು ದಿನ ತಡವಾದರೂ ಪಾದ ದೊಡ್ಡದಾಗಿ ರಿಂಗ್ ಹೋಗದು, ಬೇಗ ತೊಡಿಸಿದರೆ ಜಾರಿ ಬೀಳುತ್ತದೆ. ಅದೇ ದಿನ ಪುಸ್ತಕದಲ್ಲಿ ಬರೆದಿಡಿ: ರಿಂಗ್ ಸಂಖ್ಯೆ, ತಾಯಿ, ತಂದೆ, ಹುಟ್ಟಿದ ದಿನ. ಪುಸ್ತಕ ಇಡದವರು ಹತ್ತು ವರ್ಷ ಸಾಕಿದರೂ ಮೊದಲ ವರ್ಷದಲ್ಲೇ ಇರುತ್ತಾರೆ.

ಯಾವುದಕ್ಕೆ ಯಾವುದನ್ನು ಜೋಡಿ ಮಾಡುವುದು? ಒಂದೇ ರಕ್ತವನ್ನು ಗಟ್ಟಿ ಮಾಡಿಕೊಳ್ಳಲು ಅಜ್ಜನಿಗೆ ಮೊಮ್ಮಗಳನ್ನು, ಮಲಸೋದರರನ್ನು ಕೂಡಿಸುವುದುಂಟು. ಅಂಥ ಮರಿಗಳನ್ನು ಹಾರಿಸುವುದಕ್ಕಿಂತ ತಳಿಗೆ ಇಟ್ಟುಕೊಳ್ಳುವುದು ಲೇಸು. ಓಟಕ್ಕೆ ಬೇಕಾದ ಕಸುವು ಬರುವುದು ಎರಡು ಬೇರೆ ಬೇರೆ, ಎರಡೂ ಪರೀಕ್ಷೆಗೆ ನಿಂತ ರಕ್ತಗಳನ್ನು ಬೆರೆಸಿದಾಗ. ಒಂದೇ ಜೋಡಿಯನ್ನು ಎರಡು ವರ್ಷ ನೋಡಿ. ಅದರ ಮರಿಗಳಲ್ಲಿ ಒಂದೂ 300 ಕಿಲೋಮೀಟರ್ ದಾಟಿ ಬರದಿದ್ದರೆ ಜೋಡಿ ಬದಲಿಸಿ. ಅದಕ್ಕೂ ಮೊದಲು ಬದಲಿಸುತ್ತ ಹೋದರೆ ಏನೂ ತಿಳಿಯುವುದಿಲ್ಲ.

ಇಪ್ಪತ್ತೈದು ದಿನದ ಮೇಲೆ ಮರಿ ತಾನೇ ಕಾಳು ಹೆಕ್ಕಲು ಕಲಿತರೆ ತಾಯಿಯಿಂದ ಬೇರ್ಪಡಿಸಿ. ಇಲ್ಲಿಂದ ಮುಂದಿನ ಮೂರು ವಾರವೇ ನಿಮ್ಮ ಇಡೀ ವರ್ಷ. ಮರಿಗಳನ್ನು ದಿನಾ ಬಲೆಯ ಪಡಸಾಲೆಯಲ್ಲಿ ಕೂರಿಸಿ, ಸುತ್ತಲಿನ ನೀರಿನ ಟ್ಯಾಂಕು, ತೆಂಗಿನ ಮರ, ಗೋಪುರ ಎಲ್ಲ ನೋಡಿಕೊಳ್ಳಲಿ. ಕಾಳು ಹಾಕುವಾಗಲೆಲ್ಲ ಒಂದೇ ಡಬ್ಬಿ ಅಲ್ಲಾಡಿಸಿ, ಒಂದೇ ಸಿಳ್ಳೆ ಹಾಕಿ. ಟ್ರ್ಯಾಪ್ ತಳ್ಳಿಕೊಂಡು ಒಳಗೆ ಬರುವುದನ್ನು ನೂರು ಸಲ ಮಾಡಿಸಿ. ಐದಾರು ವಾರದ ಮರಿಯನ್ನು ಮೊದಲ ಸಲ ಹೊರಗೆ ಬಿಡುವುದು ಸಂಜೆ, ಕತ್ತಲಾಗುವುದಕ್ಕೆ ಒಂದು ಗಂಟೆ ಮುಂಚೆ, ಹೊಟ್ಟೆ ಹಸಿದಿರುವಾಗ. ಬಾಗಿಲು ತೆರೆದು ನೀವು ಸುಮ್ಮನೆ ಕೂರಿ. ಓಡಿಸಬೇಡಿ, ಬಟ್ಟೆ ಬೀಸಬೇಡಿ. ಅವು ಮಾಡಿನ ಮೇಲೆ ನಡೆದಾಡುತ್ತವೆ, ಒಂದೆರಡು ರೆಕ್ಕೆ ಬಡಿಯುತ್ತವೆ. ಅರ್ಧ ಗಂಟೆಗೆ ಡಬ್ಬಿ ಅಲ್ಲಾಡಿಸಿದರೆ ಒಳಗೆ ಬರುತ್ತವೆ. ಈ ದಿನಗಳಲ್ಲಿ ಬೆದರಿದ ಮರಿ ಜೀವನವಿಡೀ ಮಾಡಿನ ಮೇಲೆ ಕೂತು ಒಳಗೆ ಬರಲು ಹಿಂಜರಿಯುತ್ತದೆ. ಎಂಟು ಗಂಟೆ ಹಾರಿ ಬಂದ ಹಕ್ಕಿ ಹತ್ತು ನಿಮಿಷ ಮಾಡಿನ ಮೇಲೆ ಕೂತರೆ ಓಟ ಕೈಬಿಟ್ಟು ಹೋಯಿತು. ಆಮೇಲೆ ಒಂದು ದಿನ ಅವು ಗುಂಪಾಗಿ ಎದ್ದು ಕಣ್ಮರೆಯಾಗಿ ಮುಕ್ಕಾಲು ಗಂಟೆ ಬಿಟ್ಟು ಬರುತ್ತವೆ. ಹೊಸಬರ ಎದೆ ನಿಲ್ಲುವ ಗಳಿಗೆ ಅದು. ಹೆದರಬೇಡಿ, ಅವು ಸುತ್ತಲಿನ ಸೀಮೆ ಕಲಿಯುತ್ತಿವೆ. ದೂರ ಒಯ್ದು ಬಿಡಲು ತಯಾರಾಗಿವೆ ಎಂದು ಅವೇ ಹೇಳುತ್ತಿವೆ.

ಮಳೆಗಾಲ ಗರಿ ಉದುರುವ ಕಾಲ. ಹತ್ತು ದೊಡ್ಡ ಗರಿಗಳು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬಿದ್ದು ಹೊಸವು ಬರುತ್ತವೆ. ಆಗ ಹಕ್ಕಿಗೆ ಬೇಕಾದದ್ದು ವಿಶ್ರಾಂತಿ, ಸ್ನಾನ, ಹೊಟ್ಟೆ ತುಂಬ ಮೇವು. ಈಗ ಅರೆಹೊಟ್ಟೆ ಇಟ್ಟರೆ ಗರಿಯ ಮೇಲೆ ಗೆರೆ ಬೀಳುತ್ತದೆ, ಆ ಗೆರೆಯ ಜಾಗದಲ್ಲಿ ಗರಿ ಮುರಿಯುತ್ತದೆ, ಅದು ಗೊತ್ತಾಗುವುದು ಜನವರಿಯಲ್ಲಿ.

ಮೇವಿನ ಬಗ್ಗೆ ಜನ ಗುಟ್ಟು ಮಾಡುತ್ತಾರೆ, ಅದರಲ್ಲಿ ಗುಟ್ಟೇನೂ ಇಲ್ಲ. ದಿನಕ್ಕೆ ಒಂದು ಹಕ್ಕಿಗೆ ಸುಮಾರು 30 ಗ್ರಾಂ. ಬಿಳಿಜೋಳ, ಸಜ್ಜೆ, ಗೋಧಿ, ಮುಸುಕಿನ ಜೋಳ ಮುಕ್ಕಾಲು ಪಾಲು, ಹೆಸರು, ಬಟಾಣಿ, ಅಲಸಂದೆ, ಹುರುಳಿ ಕಾಲು ಪಾಲು. ಮರಿ ಸಾಕುವಾಗ, ಗರಿ ಉದುರುವಾಗ ಬೇಳೆಕಾಳನ್ನು ಹೆಚ್ಚಿಸಿ. ಪುಡಿ ಮಾಡಿದ ಚಿಪ್ಪು, ಇಟ್ಟಿಗೆ ಚೂರು, ಇದ್ದಿಲು, ಚಿಟಿಕೆ ಉಪ್ಪು ಬೆರೆಸಿದ ಗ್ರಿಟ್ ಸದಾ ಒಂದು ಬಟ್ಟಲಲ್ಲಿರಲಿ. ಹಲ್ಲಿಲ್ಲದ ಹಕ್ಕಿಗೆ ಬೀಸುಕಲ್ಲು ಅದೇ. ದೂರದ ಓಟದ ಸೂಕ್ಷ್ಮ ಇರುವುದು ಒಂದೇ ಕಡೆ: ಗಂಟೆಗಟ್ಟಲೆ ಹಾರುವ ಪಾರಿವಾಳ ಉರಿಸುವುದು ಮುಖ್ಯವಾಗಿ ಕೊಬ್ಬನ್ನು. ಆದ್ದರಿಂದ ವಾರದ ಮೊದಲ ದಿನಗಳಲ್ಲಿ ಹಗುರ ಮೇವು ಕೊಟ್ಟು, ಬುಟ್ಟಿಗೆ ಹಾಕುವ ಹಿಂದಿನ ಮೂರು ದಿನ ಮುಸುಕಿನ ಜೋಳ, ಹಸಿ ಕಡಲೆಕಾಯಿ ಬೀಜ, ಕುಸುಬೆಗಳನ್ನು ಏರಿಸುತ್ತ ಹೋಗಬೇಕು. ಕಡಲೆಕಾಯಿ ಬೀಜಕ್ಕೆ ಬೂಷ್ಟು ಹಿಡಿದಿದ್ದರೆ ಎಸೆಯಿರಿ, ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ.

ಕಾಯಿಲೆಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದಕ್ಕೆ ಪಶುವೈದ್ಯರಿದ್ದಾರೆ. ಬಾಯೊಳಗೆ ಹಳದಿ ಗಿಣ್ಣಿನಂಥ ಗಡ್ಡೆ ಕಂಡರೆ ಕ್ಯಾಂಕರ್. ಕತ್ತು ತಿರುಚಿ ಕಾಳಿಗೆ ಗುರಿ ತಪ್ಪಿ ಕುಕ್ಕಿದರೆ ಪ್ಯಾರಾಮಿಕ್ಸೊ ವೈರಸ್. ಕೊಕ್ಕು, ಕಣ್ಣಂಚಿನಲ್ಲಿ ಗುಳ್ಳೆ ಎದ್ದರೆ ಸೊಳ್ಳೆಯಿಂದ ಹರಡುವ ಸಿಡುಬು. ಕೊನೆಯ ಎರಡೂ ಔಷಧಿಯಿಂದ ವಾಸಿಯಾಗುವುದಿಲ್ಲ, ತಡೆಯಲು ಲಸಿಕೆ ಉಂಟು. ಗರಿಯ ಸಂದಿನಲ್ಲಿ ಓಡುವ ಚಪ್ಪಟೆ ನೊಣ ರಕ್ತ ಹೀರಿ ಮಲೇರಿಯದಂಥ ಜ್ವರ ಅಂಟಿಸುತ್ತದೆ. ನಮ್ಮ ಕಡೆ ಅದರ ಕಾಟ ಹೆಚ್ಚು. ಹೊಸ ಹಕ್ಕಿ ಯಾವುದೇ ಬರಲಿ, ಮೂರು ನಾಲ್ಕು ವಾರ ಬೇರೆ ಗೂಡಿನಲ್ಲಿಡಿ. ಪ್ರತಿ ರೇಸಿಗೆ ಮುಂಚೆ ಲೆಕ್ಕವಿಲ್ಲದೆ ಆ್ಯಂಟಿಬಯಾಟಿಕ್ ಕೊಡುವ ರೂಢಿ ಕೆಟ್ಟದ್ದು. ಹಿಕ್ಕೆಯನ್ನು ಪರೀಕ್ಷೆ ಮಾಡಿಸಿ, ರೋಗವಿದ್ದರೆ ಅದಕ್ಕೆ ಮಾತ್ರ ಔಷಧಿ ಕೊಡಿ.

ದೂರದ ಪಾಠ ಶುರುವಾಗುವುದು ಗರಿ ಪೂರ್ತಿ ಬಂದ ಮೇಲೆ. ಬೆಂಗಳೂರಿನಿಂದ ಉತ್ತರದ ಹೆದ್ದಾರಿ ಹಿಡಿಯಿರಿ. ಮೊದಲು ಐದು ಕಿಲೋಮೀಟರ್, ಆಮೇಲೆ ಹತ್ತು, ದೇವನಹಳ್ಳಿ ಮೂವತ್ತು, ಚಿಕ್ಕಬಳ್ಳಾಪುರ ಐವತ್ತು, ಬಾಗೇಪಲ್ಲಿ ತೊಂಬತ್ತು, ಪೆನುಗೊಂಡ ನೂರಿಪ್ಪತ್ತು. ಇವೆಲ್ಲ ರಸ್ತೆಯ ಲೆಕ್ಕವಲ್ಲ, ಹಕ್ಕಿ ನೇರ ಹಾರಿದಾಗಿನ ಸುಮಾರು ದೂರ. ಅನಂತಪುರ 190, ಕರ್ನೂಲು 320, ಹೈದರಾಬಾದ್ 500, ನಾಗಪುರ 920. ಪ್ರತಿ ಜಾಗದಲ್ಲೂ ಎರಡು ಸಲ ಬಿಡಿ. ಮೊದಲು ಗುಂಪಿನಲ್ಲಿ ಬಿಟ್ಟರೂ ಆಮೇಲೆ ಎರಡೆರಡು, ಕೊನೆಗೆ ಒಂದೊಂದೇ ಬಿಡಿ. ಗುಂಪಿನ ಹಿಂದೆ ಬರುವುದನ್ನೇ ಕಲಿತ ಹಕ್ಕಿ, ಕರ್ನೂಲಿನಾಚೆ ಗುಂಪು ಚೆದುರಿದಾಗ ತಾನೇ ತೀರ್ಮಾನ ಮಾಡಲಾರದು. ಈ ದಾರಿಯ ಕಷ್ಟ ಕೊನೆಯಲ್ಲಿದೆ. ಅನಂತಪುರದ ಬಯಲು ಸುಮಾರು 330 ಮೀಟರ್ ಎತ್ತರದಲ್ಲಿದ್ದರೆ ಬೆಂಗಳೂರು 900 ಮೀಟರ್. ದಣಿದ ಹಕ್ಕಿ ನಂದಿಬೆಟ್ಟದ ಸಾಲಿನ ಹತ್ತಿರ ಮೇಲಕ್ಕೆ ಏರಬೇಕು, ಡೇಗೆಗಳು ಇರುವುದೂ ಅಂಥ ಬಂಡೆಗಳಲ್ಲೇ. ನಗರ ಹೊಕ್ಕ ಮೇಲೆ ವಿದ್ಯುತ್ ತಂತಿ, ಗಾಳಿಪಟದ ಮಾಂಜಾ.

ಒಂದು ತಪ್ಪನ್ನು ಹೇಳಿಕೊಳ್ಳಬೇಕು. ವರ್ಷಗಳ ಹಿಂದೆ ಒಂದು ಡಿಸೆಂಬರ್ ಬೆಳಿಗ್ಗೆ, ಶಾಲೆಗೆ ಹೊತ್ತಾಗುತ್ತದೆಂಬ ಅವಸರದಲ್ಲಿ, ಚಿಕ್ಕಬಳ್ಳಾಪುರದ ಬಳಿ ಮಂಜು ಕವಿದಿರುವಾಗಲೇ ಹನ್ನೆರಡು ಹಕ್ಕಿ ಬಿಟ್ಟೆ. ಮೇಲೆ ನೀಲಿ ಕಾಣುತ್ತಿದೆಯಲ್ಲ, ಏರಿಕೊಳ್ಳುತ್ತವೆ ಎಂದುಕೊಂಡೆ. ಅಂದು ಐದು ಬಂದವು, ಎರಡು ದಿನ ಬಿಟ್ಟು ಇನ್ನೊಂದು, ಎದೆ ಸೀಳಿಕೊಂಡು. ಮಿಕ್ಕ ಆರು ಇವತ್ತಿಗೂ ನನ್ನ ಪುಸ್ತಕದಲ್ಲಿ ಕೆಂಪು ಗೆರೆಯ ಕೆಳಗಿವೆ. ಚಳಿಗಾಲದಲ್ಲಿ ಆ ಸೀಮೆಯ ಮಂಜು ಒಂಬತ್ತರವರೆಗೂ ಕರಗದಿರುವುದುಂಟು. ಸೂರ್ಯ ಸ್ಪಷ್ಟವಾಗಿ ಕಾಣುವವರೆಗೆ, ಮನೆಯ ಕಡೆಯೂ ಬಯಲಾಗಿದೆಯೆಂದು ಫೋನಿನಲ್ಲಿ ಕೇಳಿ ತಿಳಿಯುವವರೆಗೆ ಬುಟ್ಟಿಯ ಬಾಗಿಲು ತೆರೆಯಬೇಡಿ. ಶಾಲೆಗೆ ಒಂದು ದಿನ ರಜೆ ಹಾಕಬಹುದಿತ್ತು.

ವಯಸ್ಸಿನ ಬಗ್ಗೆ ನನ್ನದು ಕಟ್ಟುನಿಟ್ಟು. ಮೊದಲ ವರ್ಷದ ಹಕ್ಕಿ ಕರ್ನೂಲು ದಾಟಬಾರದು. ಎರಡನೆಯ ವರ್ಷ ಹೈದರಾಬಾದ್. ನಾಗಪುರದ ಮಾತು ಮೂರನೆಯ ವರ್ಷಕ್ಕೆ. ವರ್ಷ ತುಂಬದ ಹಕ್ಕಿಯನ್ನು ಐನೂರಕ್ಕೆ ಕಳಿಸಿ ಗೆದ್ದವರಿದ್ದಾರೆ, ನಿಜ. ಆದರೆ ಹಾಗೆ ಕಳಿಸಿದ ಇಪ್ಪತ್ತರಲ್ಲಿ ಉಳಿದದ್ದೆಷ್ಟು ಎಂದೂ ಅವರನ್ನು ಕೇಳಬೇಕು.

ಹಕ್ಕಿಗೆ ಮನೆಯ ಆಸೆ ಹೆಚ್ಚಿಸುವ ಉಪಾಯಗಳಲ್ಲಿ ಬೆಲ್ಜಿಯಂನವರ ವಿಧವಾ ಪದ್ಧತಿ ಪ್ರಸಿದ್ಧ. ಗಂಡನ್ನೂ ಹೆಣ್ಣನ್ನೂ ವಾರವಿಡೀ ಬೇರೆ ಇಟ್ಟು, ಬುಟ್ಟಿಗೆ ಹಾಕುವ ಮುನ್ನ ಕೆಲವು ನಿಮಿಷ ತೋರಿಸಿ, ಬಂದ ಮೇಲೆ ಒಟ್ಟಿಗೆ ಬಿಡುವುದು. ಫಲವಿದೆ, ಆದರೆ ಎರಡು ಕೋಣೆ, ಗಡಿಯಾರದಂಥ ಶಿಸ್ತು ಎರಡೂ ಬೇಕು. ಹೊಸಬರಿಗೆ ಸಹಜ ಪದ್ಧತಿಯೇ ಸಾಕು. ಹತ್ತು ಹನ್ನೆರಡು ದಿನ ಕಾವು ಕೂತ ಹೆಣ್ಣು, ಇಲ್ಲವೇ ವಾರದ ಮರಿಯಿರುವ ಹಕ್ಕಿ, ಮನೆಗೆ ಬರಲು ಬೇರೆ ಕಾರಣ ಕೇಳುವುದಿಲ್ಲ. ಮೊಟ್ಟೆ ಇಡಲಿರುವ ಹೆಣ್ಣನ್ನೂ ಕಾಳುಚೀಲದಲ್ಲಿ ಹಾಲು ತುಂಬಿಕೊಂಡ ಹಕ್ಕಿಯನ್ನೂ ಎಂದಿಗೂ ಕಳಿಸಬೇಡಿ.

ರೇಸಿನ ಲೆಕ್ಕ ಕೇಳಿ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಎಲ್ಲ ಹಕ್ಕಿಗಳನ್ನೂ ಒಂದೇ ಜಾಗದಿಂದ ಒಂದೇ ಗಳಿಗೆಯಲ್ಲಿ ಬಿಡುತ್ತಾರೆ, ಆದರೆ ಗೂಡುಗಳು ಬೇರೆ ಬೇರೆ ಕಡೆ. ಆದ್ದರಿಂದ ಗೆಲುವು ಮೊದಲು ಬಂದದ್ದಕ್ಕಲ್ಲ, ನಿಮಿಷಕ್ಕೆ ಹೆಚ್ಚು ಮೀಟರ್ ಹಾರಿದ್ದಕ್ಕೆ. ಹೈದರಾಬಾದಿನಿಂದ ಬೆಳಿಗ್ಗೆ 6.30ಕ್ಕೆ ಬಿಟ್ಟರೆಂದುಕೊಳ್ಳಿ. ಯಲಹಂಕದ ಗೂಡು 485 ಕಿಲೋಮೀಟರ್, ಜಯನಗರದ್ದು 503. ಯಲಹಂಕದ ಹಕ್ಕಿ 2.35ಕ್ಕೆ ಬಂತು, ಅಂದರೆ 485 ನಿಮಿಷ, ನಿಮಿಷಕ್ಕೆ 1000 ಮೀಟರ್. ಜಯನಗರದ್ದು ಹದಿಮೂರು ನಿಮಿಷ ತಡವಾಗಿ 2.48ಕ್ಕೆ ಬಂತು. 503 ಕಿಲೋಮೀಟರನ್ನು 498 ನಿಮಿಷದಿಂದ ಭಾಗಿಸಿದರೆ 1010 ಮೀಟರ್. ಗೆದ್ದದ್ದು ಜಯನಗರ. ಹಿಂದೆ ಕಾಲಿನ ರಬ್ಬರ್ ರಿಂಗ್ ಬಿಚ್ಚಿ ಗಡಿಯಾರದ ಪೆಟ್ಟಿಗೆಗೆ ಹಾಕಿ ಒತ್ತಬೇಕಿತ್ತು. ಈಗ ಚಿಪ್ ಇರುವ ರಿಂಗ್ ಬಂದಿದೆ, ಹಕ್ಕಿ ಟ್ರ್ಯಾಪಿನ ಹಲಗೆ ಮೆಟ್ಟಿದರೆ ಸಮಯ ತಾನೇ ದಾಖಲಾಗುತ್ತದೆ.

ರೇಸಿನ ದಿನ ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಒಣಹಾಕಬೇಡಿ, ನೆಂಟರನ್ನು ಹತ್ತಿಸಬೇಡಿ, ದಿನಾ ತೊಡುವ ಅಂಗಿಯನ್ನೇ ತೊಟ್ಟಿರಿ. ಹಕ್ಕಿ ಬಂದ ಕೂಡಲೇ ಹಿಡಿದು ಮುದ್ದಾಡಬೇಡಿ. ಸ್ವಲ್ಪ ಬೆಲ್ಲ ಕದಡಿದ ನೀರಿಡಿ, ಅರ್ಧ ಗಂಟೆ ಬಿಟ್ಟು ಒಂದು ಹಿಡಿ ಗೋಧಿ, ಸಜ್ಜೆಯಂಥ ಹಗುರ ಕಾಳು. ಮರಿಯ ಮೇಲೋ ಮೊಟ್ಟೆಯ ಮೇಲೋ ಹೋಗಿ ಕೂರಲಿ. ಮಾರನೆಯ ದಿನ ಸ್ನಾನಕ್ಕೆ ಬಟ್ಟಲು ತುಂಬಿಡಿ, ಆಮೇಲೆ ಮೈ ತಡವಿ ಗಾಯ ನೋಡಿ.

ಬೇರೆಯವರ ಹಕ್ಕಿ ದಣಿದು ನಿಮ್ಮ ತಾರಸಿಗೆ ಇಳಿಯುವುದೂ ಉಂಟು. ನೀರು ಕಾಳು ಕೊಟ್ಟು ರಿಂಗ್ ಸಂಖ್ಯೆ ಬರೆದುಕೊಂಡು ರೇಸ್ ನಡೆಸುವ ಸಂಘದವರಿಗೆ ತಿಳಿಸಿ, ಎರಡು ದಿನ ಸುಧಾರಿಸಿಕೊಂಡರೆ ಬಿಟ್ಟುಬಿಡಿ. ನಿಮ್ಮದು ಬಾರದಿದ್ದ ರಾತ್ರಿ ಟ್ರ್ಯಾಪ್ ಮುಚ್ಚಬೇಡಿ. ಬೆಕ್ಕು ನುಗ್ಗದಂತೆ ಒಳಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಪಡಸಾಲೆಯಲ್ಲಿ ನೀರು ತುಂಬಿಟ್ಟು ಕೆಳಗಿಳಿಯಿರಿ. ಸಂಕ್ರಾಂತಿಯ ಆ ಹುಡುಗ ಈಗ ಆರು ಮರಿ ಸಾಕಿದ್ದಾನೆ. ಹೋದ ಭಾನುವಾರ ದೇವನಹಳ್ಳಿಯಿಂದ ಬಿಟ್ಟಾಗ ಐದು ಇಪ್ಪತ್ತೈದು ನಿಮಿಷದಲ್ಲಿ ಬಂದವು. ಆರನೆಯದು, ಒಂದು ಪುಟ್ಟ ನೀಲಿ ಹೆಣ್ಣು, ಬಂದದ್ದು ಬುಧವಾರ ಬೆಳಿಗ್ಗೆ. ಅವನು ಮೂರು ರಾತ್ರಿಯೂ ಕಿಂಡಿ ತೆರೆದೇ ಇಟ್ಟಿದ್ದ.